ರಾತ್ರಿ ಓಡಿದ ಟೆಸ್ಟಿಗೆ ಬೆಳಿಗ್ಗೆ ಸಾಕ್ಷಿ ಯಾರು?

ಬೆಳಗಿನ ಹೊತ್ತು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಒಮ್ಮೆ ನಿಂತು ನೋಡಿ. ಮಾರಿಕುಪ್ಪಂನಿಂದ ಕೂತು ಬಂದವರು, ಇಲ್ಲಿ ನುಗ್ಗಿ ಹತ್ತುವವರು, ಎಲ್ಲರ ಬೆನ್ನಿಗೂ ಒಂದೊಂದು ಬ್ಯಾಗು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಹೊಟ್ಟೆಪಾಡು ಈ ಹಳಿಯ ಮೇಲೆಯೇ ಸಾಗಿದೆ. ಅಪ್ಪ ಶಾಫ್ಟಿನಲ್ಲಿ ಇಳಿಯುತ್ತಿದ್ದರು, ಮಕ್ಕಳು ವೈಟ್‌ಫೀಲ್ಡಿನಲ್ಲಿ ಇಳಿಯುತ್ತಾರೆ. ಅವರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರಿಗೇನೂ ಬರವಿಲ್ಲ. ನಾನೂ ಒಬ್ಬ.

ಹೋದ ವಾರ ಎದುರು ಸೀಟಿನ ಹುಡುಗ ಸಪ್ಪೆ ಮುಖ ಮಾಡಿಕೊಂಡು ಕೇಳಿದ: “ಅಣ್ಣಾ, ರಾತ್ರಿ ರನ್ ಹಾಕಿ ಬಂದಿದ್ದೆ. ಬೆಳಿಗ್ಗೆ ಫೋನಲ್ಲಿ ನೋಡಿದ್ರೆ ಅರ್ಧಕ್ಕರ್ಧ ಕೆಂಪು. ಲಾಗ್ ತೆಗೆದ್ರೆ ‘ಆಬ್ಜೆಕ್ಟ್ ನಾಟ್ ಫೌಂಡ್’ ಅಂತ ಒಂದು ಸಾಲು, ಅಷ್ಟೇ. ಮೀಟಿಂಗಲ್ಲಿ ಏನ್ ಹೇಳ್ಲಿ?”

ಸ್ಕ್ರಿಪ್ಟ್ ಬರೆಯೋದನ್ನು ಕೋರ್ಸ್‌ಗಳಲ್ಲಿ ಕಲಿಸುತ್ತಾರೆ. ಬರೆದ ಸ್ಕ್ರಿಪ್ಟ್ ಹೇಗೆ ಓಡಬೇಕು, ಓಡಿದ್ದಕ್ಕೆ ಏನು ಗುರುತು ಉಳಿಯಬೇಕು ಅನ್ನುವ ಪ್ಲೇಬ್ಯಾಕ್ ಮತ್ತು ಲಾಗಿಂಗ್ ಸೆಟ್ಟಿಂಗ್ಸ್ ತಂಟೆಗೆ ಮಾತ್ರ ಯಾರೂ ಹೋಗುವುದಿಲ್ಲ. ಟೂಲ್ ಇನ್‌ಸ್ಟಾಲ್ ಮಾಡಿದ ದಿನ ಏನಿತ್ತೋ ಮೂರು ವರ್ಷವಾದರೂ ಅದೇ. ಆ ಹುಡುಗನಿಗೆ ಹೇಳಿದ್ದಕ್ಕೆ ಇನ್ನಷ್ಟು ಸೇರಿಸಿ ಇಲ್ಲಿ ಬರೆದಿದ್ದೇನೆ.

1. ಓಡುವಾಗ ಪಕ್ಕದಲ್ಲಿ ಯಾರಿರ್ತಾರೆ ಅಂತ ಮೊದಲು ಕೇಳಿಕೊಳ್ಳಿ

ಮೇಜಿನ ಮುಂದೆ ಕೂತು ಓಡಿಸುವ ಟೆಸ್ಟಿಗೂ ನೀವು ಮನೆಯಲ್ಲಿ ಮಲಗಿದ್ದಾಗ ಓಡುವ ಟೆಸ್ಟಿಗೂ ಒಂದೇ ಸೆಟ್ಟಿಂಗ್ ಹೊಂದುವುದಿಲ್ಲ. ಎರಡು ಜೊತೆ ಇಟ್ಟುಕೊಳ್ಳಿ, ಹಗಲಿನದೊಂದು, ರಾತ್ರಿಯದೊಂದು. ಹಗಲಿನದರಲ್ಲಿ ಮೊದಲ ತಪ್ಪಿಗೇ ನಿಲ್ಲಲಿ, ಬಾಕ್ಸ್ ತೆರೆದು ನಿಮ್ಮನ್ನು ಕೇಳಲಿ, ನಿಧಾನವಾಗಿ ಓಡಲಿ. ರಾತ್ರಿಯದರಲ್ಲಿ ಯಾರನ್ನೂ ಏನೂ ಕೇಳಬಾರದು. ಯುಎಫ್‌ಟಿ ಎಂಬ ಟೂಲ್‌ನಲ್ಲಿ ತಪ್ಪು ಕಂಡಾಗ ಮೆಸೇಜ್ ಬಾಕ್ಸ್ ತೋರಿಸುವ ಆಯ್ಕೆಯೊಂದಿದೆ. ಅದನ್ನು ಹಾಗೇ ಬಿಟ್ಟು ಮನೆಗೆ ಹೋದಿರೋ, ‘ಓಕೆ’ ಒತ್ತುವವರಿಗಾಗಿ ಅದು ಬೆಳಗಿನವರೆಗೂ ಕಾದು ಕೂತಿರುತ್ತದೆ.

2. ಎಡವಿದಾಗ ಎಷ್ಟು ನಿಲ್ಲಬೇಕು?

ಟೆಸ್ಟ್‌ಕಂಪ್ಲೀಟ್‌ನಲ್ಲಿ ಇದಕ್ಕೆ ಮೂರು ದಾರಿ: ಇಡೀ ಪ್ರಾಜೆಕ್ಟ್ ನಿಲ್ಲಿಸು, ಆ ಒಂದು ಟೆಸ್ಟ್ ಮಾತ್ರ ನಿಲ್ಲಿಸು, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗು. ನನ್ನ ಮಟ್ಟಿಗೆ ರಾತ್ರಿಗೆ ನಡುವಿನದೇ ಸರಿ. ಲಾಗಿನ್ನೇ ಆಗದಿದ್ದರೂ ಮುಂದೆ ಹೋಗು ಅಂದರೆ ಅದರ ಹಿಂದೆ ಮೂವತ್ತು ಸುಳ್ಳು ಎರರ್‌ಗಳು ಸಾಲುಗಟ್ಟುತ್ತವೆ, ನಿಜವಾದ ಒಂದು ಅವುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಎಲ್ಲವನ್ನೂ ನಿಲ್ಲಿಸು ಅಂದರೆ ಮೂರನೇ ಟೆಸ್ಟಿನ ತಪ್ಪಿಗೆ ಉಳಿದ ಮುನ್ನೂರಕ್ಕೆ ಶಿಕ್ಷೆ.

3. ಕರೆಯದೆ ಬರುವ ಕಿಟಕಿಗೆ ಮೊದಲೇ ಉತ್ತರ ಹೇಳಿಡಿ

ನಾನು ಕೆಲಸಕ್ಕೆ ಸೇರಿದ ಹೊಸತು. ಶುಕ್ರವಾರ ಸಂಜೆ ನಾನೂರು ಟೆಸ್ಟ್ ಹಾಕಿ ರೈಲು ಹಿಡಿದೆ. ಸೋಮವಾರ ಬಂದು ನೋಡಿದರೆ ಮೂರು ಪಾಸು, ಮಿಕ್ಕಿದ್ದೆಲ್ಲ ಫೇಲು. ಆಪ್‌ನಲ್ಲಿ ದೋಷವೇ ಇರಲಿಲ್ಲ. ನಾಲ್ಕನೇ ಟೆಸ್ಟಿನ ಹೊತ್ತಿಗೆ ‘ಅಪ್‌ಡೇಟ್ ಬಂದಿದೆ, ಈಗಲೇ ರೀಸ್ಟಾರ್ಟ್ ಮಾಡಲೇ?’ ಎಂಬ ಪುಟ್ಟ ಕಿಟಕಿ ಎದ್ದು ಆಪ್‌ನ ಮೇಲೆ ಕೂತುಬಿಟ್ಟಿತ್ತು. ಶನಿವಾರ, ಭಾನುವಾರ ಎರಡೂ ದಿನ ನನ್ನ ಸ್ಕ್ರಿಪ್ಟ್ ಅದರ ಹಿಂದಿನ ಬಟನ್ ಒತ್ತಲು ಹೆಣಗಾಡಿದೆ, ಪಾಪ.

ಡೆಸ್ಕ್‌ಟಾಪ್ ಟೂಲ್‌ಗಳಲ್ಲಿ ಇಂಥ ಅನಿರೀಕ್ಷಿತ ಕಿಟಕಿಗೆ ಏನು ಮಾಡಬೇಕೆಂದು ಹೇಳಿಡುವ ಜಾಗವಿರುತ್ತದೆ: ಎಸ್ಕೇಪ್ ಒತ್ತು, ಎಂಟರ್ ಒತ್ತು, ಲಕ್ಷಿಸಬೇಡ, ಓಟ ನಿಲ್ಲಿಸು, ಹೀಗೆ. ಎಸ್ಕೇಪ್ ಇರಲಿ. ಎಂಟರ್ ಒತ್ತುವ ಆಯ್ಕೆಯನ್ನು ತೆಗೆದುಬಿಡಿ. ಎದ್ದ ಕಿಟಕಿ ‘ಎಲ್ಲ ದಾಖಲೆ ಅಳಿಸಲೇ?’ ಎಂದು ಕೇಳುತ್ತಿದ್ದರೆ? ಎಂಟರ್ ಅಂದರೆ ‘ಹೂಂ’ ಅಂದ ಹಾಗೆ. ಮುಚ್ಚುವುದಕ್ಕೆ ಮೊದಲು ಆ ಕಿಟಕಿಯ ಚಿತ್ರವೊಂದು ಲಾಗಿಗೆ ಬೀಳುವಂತೆಯೂ ನೋಡಿಕೊಳ್ಳಿ. ಬಂದು ಹೋದದ್ದು ಯಾರು ಅಂತ ಗೊತ್ತಾಗಬೇಕಲ್ಲ.

4. ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿ ರೈಲಿಗೆ ಓಡಬೇಡಿ

ಸಂಜೆಯ ಗಾಡಿ ಹಿಡಿಯುವ ಆತುರದಲ್ಲಿ ನಾವೆಲ್ಲ ಮಾಡುವ ತಪ್ಪು ಇದು. ಟೆಸ್ಟ್ ಮೆಷಿನ್ನಿಗೆ ರಿಮೋಟ್‌ನಲ್ಲಿ ಹೋಗಿ ರನ್ ಒತ್ತುತ್ತೇವೆ, ಕಿಟಕಿ ಮುಚ್ಚಿ ಹೊರಡುತ್ತೇವೆ. ಕನೆಕ್ಷನ್ ಕಡಿದ ಕೂಡಲೇ ಆ ಮೆಷಿನ್ನಿನ ಪರದೆ ಲಾಕ್ ಆಗುತ್ತದೆ. ಮೌಸ್, ಕೀಬೋರ್ಡ್ ನಂಬಿದ ಟೂಲ್‌ಗೆ ಒತ್ತಲು ಪರದೆಯೇ ಇರುವುದಿಲ್ಲ. ಲಾಗಿನಲ್ಲಿ ಬರೀ ಕಪ್ಪು ಚಿತ್ರಗಳು ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಸ್ಕ್ರೀನ್‌ಸೇವರ್ ಮತ್ತು ಸ್ಲೀಪ್‌ಗೂ ಇದೇ ಮಾತು.

5. ಮಲಗಿಸಬೇಡಿ, ಕಾಯಿಸಿ

ಟೆಸ್ಟ್ ಆಗಾಗ ಬೀಳುತ್ತಿದೆಯೆಂದರೆ ಹೊಸಬರು ಮೊದಲು ಮಾಡುವ ಕೆಲಸ ‘ಸ್ಲೀಪ್ 3’ ಎಂದು ಬರೆಯುವುದು. ಅವತ್ತಿಗೆ ಸರಿಹೋಗುತ್ತದೆ. ರುಚಿ ಹತ್ತುತ್ತದೆ. ಆರು ತಿಂಗಳಲ್ಲಿ ಮುನ್ನೂರು ಕಡೆ ಮೂರು ಮೂರು ಸೆಕೆಂಡಿನ ನಿದ್ದೆ ಸೇರಿ ಪ್ರತಿ ಓಟಕ್ಕೂ ಹದಿನೈದು ನಿಮಿಷ ದಂಡ. ಸರ್ವರ್ ಒಂದು ದಿನ ನಾಲ್ಕು ಸೆಕೆಂಡ್ ತೆಗೆದುಕೊಂಡರೆ ಆಗಲೂ ಬೀಳುತ್ತದೆ!

ಸ್ಲೀಪ್ ಅಂದರೆ ಬೇಕಿರಲಿ ಬೇಡದಿರಲಿ ಅಷ್ಟು ಹೊತ್ತು ಕೂತಿರು ಅಂತ. ಟೈಮ್‌ಔಟ್ ಅಂದರೆ ಗಾಡಿ ಬಂದ ಕೂಡಲೇ ಹತ್ತು, ಬರದಿದ್ದರೆ ಹೆಚ್ಚೆಂದರೆ ಇಷ್ಟು ಹೊತ್ತು ನೋಡು ಅಂತ. ಎಲ್ಲ ಟೂಲ್‌ಗೂ ಇಂಥದ್ದೊಂದು ಗಡುವು ಇದೆ, ಆದರೆ ಒಂದರ ಗಡುವಿನಂತೆ ಇನ್ನೊಂದರದಿಲ್ಲ. ಟೆಸ್ಟ್‌ಕಂಪ್ಲೀಟ್ ತಾನಾಗಿ 10 ಸೆಕೆಂಡ್ ಕಾಯುತ್ತದೆ, ಯುಎಫ್‌ಟಿ 20 ಸೆಕೆಂಡ್. ಸೈಪ್ರೆಸ್‌ಗೆ ತಾಳ್ಮೆ ಕಡಿಮೆ, 4 ಸೆಕೆಂಡ್. ಪ್ಲೇರೈಟ್ ಒಂದು ಪರಿಶೀಲನೆಗೆ 5 ಸೆಕೆಂಡ್, ಇಡೀ ಟೆಸ್ಟಿಗೆ 30 ಸೆಕೆಂಡ್ ಕೊಡುತ್ತದೆ. ಸೆಲೆನಿಯಂ ವಿಚಿತ್ರ. ಅಂಶ ಹುಡುಕಲು ತಾನಾಗಿ ಕಾಯುವುದು ಸೊನ್ನೆ ಸೆಕೆಂಡ್, ಪುಟ ಲೋಡ್ ಆಗಲಿ ಎಂದು ಕಾಯುವುದು 300 ಸೆಕೆಂಡ್. ಒಂದು ಟೂಲ್ ಬಿಟ್ಟು ಇನ್ನೊಂದಕ್ಕೆ ಹಾರಿದವರು ಹಳೆಯ ಲೆಕ್ಕವನ್ನೇ ನಂಬಿ ಕೆಡುವುದು ಇಲ್ಲೇ.

ಸೆಲೆನಿಯಂನಲ್ಲಿ ಇಂಪ್ಲಿಸಿಟ್, ಎಕ್ಸ್‌ಪ್ಲಿಸಿಟ್ ಎಂದು ಎರಡು ಬಗೆಯ ಕಾಯುವಿಕೆ ಇವೆ. ಎರಡನ್ನೂ ಬೆರೆಸಬೇಡಿ ಎಂದು ಅದರ ಅಧಿಕೃತ ದಸ್ತಾವೇಜೇ ಎಚ್ಚರಿಸುತ್ತದೆ. ಬೆರೆಸಿದರೆ ಎಷ್ಟು ಹೊತ್ತು ಕಾಯುತ್ತದೆಂದು ಹೇಳಲಾಗದು. ಎಕ್ಸ್‌ಪ್ಲಿಸಿಟ್ ಒಂದೇ ಸಾಕು.

ಇನ್ನೊಂದು. ಪಾವತಿ ಪುಟಕ್ಕೆ 30 ಸೆಕೆಂಡ್ ಬೇಕು ಅಂತ ಎಲ್ಲಕ್ಕೂ 30 ಮಾಡಬೇಡಿ. ಆ ಒಂದು ಜಾಗಕ್ಕೆ ಮಾತ್ರ ಕೊಡಿ. ಎಲ್ಲ ಕಡೆ ಹೆಚ್ಚಿಸಿದರೆ ಆಪ್ ನಿಧಾನವಾದ ಸಂಗತಿ ನಿಮ್ಮ ಗಮನಕ್ಕೇ ಬರುವುದಿಲ್ಲ.

6. ನಿಧಾನ ಓಟ ಕಣ್ಣಿಗೆ, ಕಾಯಿಲೆಗಲ್ಲ

ಹೆಜ್ಜೆ ಹೆಜ್ಜೆಗೂ ತಡೆಯುವ ಸೆಟ್ಟಿಂಗ್ ಇರುವುದು ನಿಮಗೆ ಕಾಣಿಸಲಿ ಎಂದು. ಡೆಮೊ ಮುಗಿದ ಮೇಲೆ ಸೊನ್ನೆಗೆ ಇಳಿಸಿ.

7. ಚಿತ್ರ ಯಾವಾಗ ತೆಗೆಯಬೇಕು ಎಂಬುದನ್ನು ಚಾಂಪಿಯನ್ ರೀಫ್‌ನಿಂದ ಕಲಿಯಿರಿ

ಇದು ನಮ್ಮೂರಿನ ಕತೆ, ಆದ್ದರಿಂದ ತುಸು ಉದ್ದ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ವಿಜ್ಞಾನಿಗಳು ಒಂದು ಉಪಕರಣ ಹೂಡಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯ ಕೂಡಿ ಮಾಡಿದ ಕೆಲಸ. ಎಂ.ಜಿ.ಕೆ. ಮೆನನ್ ಇದ್ದರು, ನಂಜನಗೂಡು ಸೀಮೆಯ ನಮ್ಮ ಬಿ.ವಿ. ಶ್ರೀಕಂಠನ್ ಇದ್ದರು. ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನೇ ತೂರಿಕೊಂಡು ಹೋಗುವ ನ್ಯೂಟ್ರಿನೊ ಕಣದ ಸುಳಿವು ಅವರಿಗೆ ಬೇಕಿತ್ತು. ಅದಕ್ಕೂ ಮೊದಲು ಇನ್ನೂ ಆಳದಲ್ಲಿ ಎರಡು ತಿಂಗಳು ಎಣಿಕೆ ಯಂತ್ರ ಇಟ್ಟು ನೋಡಿದಾಗ ಒಂದು ಕಣವೂ ದಾಖಲಾಗಿರಲಿಲ್ಲ. ಆ ಖಾಲಿ ಲಾಗ್ ನೋಡಿ ಅವರಿಗೆ ಬೇಜಾರಾಗಲಿಲ್ಲ. ‘ಇಷ್ಟು ನಿಶ್ಶಬ್ದ ಜಾಗವಾದರೆ ಬಂದದ್ದು ನ್ಯೂಟ್ರಿನೊದ್ದೇ ಎಂದು ಗಟ್ಟಿಯಾಗಿ ಹೇಳಬಹುದು’ ಎಂದು ಲೆಕ್ಕ ಹಾಕಿದರು.

ಈಗ ಅವರ ಸೆಟ್ಟಿಂಗ್ಸ್ ನೋಡಿ. ಎರಡು ಬದಿಗೂ ಸಿಂಟಿಲೇಟರ್ ಹಲಗೆ, ನಡುವೆ ನಿಯಾನ್ ಕೊಳವೆಗಳ ಸಾಲು. ಎರಡೂ ಬದಿಯ ಸಿಂಟಿಲೇಟರ್ ಒಟ್ಟಿಗೆ ಮಿಡಿದರೆ ಮಾತ್ರ ಕೊಳವೆಗಳಿಗೆ ವಿದ್ಯುತ್ ಹರಿದು, ಕಣ ಹಾದುಹೋದ ದಾರಿ ಬೆಳಗಿ, ಕ್ಯಾಮೆರಾದಲ್ಲಿ ಸೆರೆಯಾಗುತ್ತಿತ್ತು. ಮಿಕ್ಕ ಹೊತ್ತೆಲ್ಲ ಕತ್ತಲು. ವಾರಗಟ್ಟಲೆ ಕ್ಯಾಮೆರಾ ಸುಮ್ಮನೆ ಓಡಿಸಿದ್ದರೆ ಫಿಲ್ಮ್ ತುಂಬ ಕತ್ತಲೇ ಇರುತ್ತಿತ್ತು, ಹುಡುಕುವವರಿಗೆ ತಲೆ ಕೆಡುತ್ತಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಅವರ ಫಲಿತಾಂಶ ಪ್ರಕಟವಾಯಿತು.

ನಮ್ಮ ಲೆಕ್ಕ ಹಾಕೋಣ. ನಾನೂರು ಟೆಸ್ಟ್, ಒಂದಕ್ಕೆ ನಲವತ್ತು ಹೆಜ್ಜೆ, ಹೆಜ್ಜೆಗೊಂದು 300 ಕೆಬಿ ಚಿತ್ರ. ಒಂದೇ ರಾತ್ರಿಗೆ 16,000 ಚಿತ್ರ, 4.8 ಜಿಬಿ. ನೋಡುವವರು ಯಾರು? ಆದ್ದರಿಂದ ಸ್ಕ್ರೀನ್‌ಶಾಟ್ ‘ಫೇಲ್ ಆದಾಗ ಮಾತ್ರ’, ವಿಡಿಯೊ ‘ಫೇಲ್ ಆದರೆ ಉಳಿಸಿಕೋ’, ಹೆಜ್ಜೆಹೆಜ್ಜೆಯ ಟ್ರೇಸ್ ‘ಮೊದಲ ಮರುಪ್ರಯತ್ನದಲ್ಲಿ’. ಪ್ಲೇರೈಟ್‌ನಲ್ಲಿ ಈ ಮೂರೂ ಸಿದ್ಧ ಆಯ್ಕೆಗಳಾಗಿ ಇವೆ. ಸೈಪ್ರೆಸ್‌ನವರು 2023ರಲ್ಲಿ ತಂದ 13ನೇ ಆವೃತ್ತಿಯಿಂದ ವಿಡಿಯೊವನ್ನು ತಾನಾಗಿ ತೆಗೆಯುವುದನ್ನೇ ನಿಲ್ಲಿಸಿದರು, ಬೇಕಾದವರು ಆನ್ ಮಾಡಿಕೊಳ್ಳಬೇಕು. ಹಗಲಿನ ಸೆಟ್ಟಿಂಗ್‌ನಲ್ಲಿ ಮಾತ್ರ, ಹೊಸ ಟೆಸ್ಟ್ ಬರೆಯುವಾಗ, ಎಲ್ಲ ಹೆಜ್ಜೆಯ ಚಿತ್ರ ಇರಲಿ.

8. ಲಾಗ್ ಮಟ್ಟ: ಕೂಡಿಡುವುದು ಬೇರೆ, ತೋರಿಸುವುದು ಬೇರೆ

ಟ್ರೇಸ್, ಡೀಬಗ್, ಇನ್ಫೋ, ವಾರ್ನ್, ಎರರ್. ಮೇಲಕ್ಕೆ ಹೋದಷ್ಟೂ ಮಾತು ಕಡಿಮೆ. ರೋಬೋಟ್ ಫ್ರೇಮ್‌ವರ್ಕ್ ತಾನಾಗಿ ಇನ್ಫೋದಲ್ಲಿರುತ್ತದೆ. ಫೇಲ್ ಆದ ಮೇಲೆ ‘ಅಯ್ಯೋ, ಡೀಬಗ್ ಹಾಕಿರಬೇಕಿತ್ತು’ ಎಂದು ಕೈ ಹಿಸುಕಿಕೊಳ್ಳುವುದಕ್ಕಿಂತ, ‘ಡೀಬಗ್:ಇನ್ಫೋ’ ಎಂದು ಎರಡನ್ನೂ ಕೂಡಿಸಿ ಕೊಡಿ. ಡೀಬಗ್ ಮಟ್ಟದ ಮಾತೆಲ್ಲ ಕಡತದಲ್ಲಿ ಇರುತ್ತದೆ, ತೆರೆದಾಗ ಕಾಣುವುದು ಇನ್ಫೋ ಮಾತ್ರ. ಬೇಕಾದಾಗ ಅದೇ ಪುಟದಲ್ಲಿ ಮಟ್ಟ ಬದಲಿಸಿ ಒಳಗಿನದನ್ನು ನೋಡಬಹುದು. ಈ ಸೌಲಭ್ಯ ಗೊತ್ತಿಲ್ಲದೆ ಎಷ್ಟು ಜನ ರಾತ್ರಿಯ ಓಟವನ್ನು ಮತ್ತೆ ಓಡಿಸಿದ್ದಾರೋ!

9. ಪಾಸು ಅಂದರೆ ಏನನ್ನು ನೋಡಿ ಪಾಸು?

ಬಂಗಾರಪೇಟೆ ಪಾನಿಪುರಿಯ ನೀರು ಕಣ್ಣಿಗೆ ಕುಡಿಯುವ ನೀರಿನಂತೆಯೇ ಇರುತ್ತದೆ, ತಿಳಿ. ಬಾಯಿಗೆ ಹಾಕಿಕೊಂಡವರಿಗಷ್ಟೇ ಅದರ ಖಾರ ಗೊತ್ತು. ನೋಟದಿಂದ ರುಚಿ ಹೇಳಲಾಗದು. ಹಸಿರು ಬಣ್ಣದ ಟೆಸ್ಟ್ ವರದಿಯೂ ಹಾಗೆಯೇ. ಒಳಗೆ ಒಂದೇ ಒಂದು ಹೋಲಿಕೆಯೂ ಇಲ್ಲದೆ ಬಟನ್ ಒತ್ತಿ ಒತ್ತಿ ‘ಪಾಸ್’ ಅನ್ನಿಸಿಕೊಂಡ ಟೆಸ್ಟ್‌ಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಏನಿರಬೇಕಿತ್ತು, ಏನು ಬಂತು, ಎರಡೂ ಲಾಗಿನಲ್ಲಿರಲಿ. ‘ಎರರ್: ಮೊತ್ತ ತಪ್ಪು’ ಎಂಬುದು ಲಾಗ್ ಅಲ್ಲ, ಗೊಣಗಾಟ. ಹೀಗೆ ಬರೆಯಿಸಿ: ‘ಪಾವತಿ ಪುಟ, ಒಟ್ಟು ಮೊತ್ತ: ₹1,250 ಇರಬೇಕಿತ್ತು, ₹1,520 ಬಂತು. ಕೂಪನ್ ಹಾಕಿದ ಮೇಲೆ. ಬಿಲ್ಡ್ 212, ಕ್ರೋಮ್, ಟೆಸ್ಟ್ ಮೆಷಿನ್ 3.’ ಇದನ್ನು ಓದಿದ ಡೆವಲಪರ್ ನಿಮಗೆ ಫೋನ್ ಮಾಡುವುದಿಲ್ಲ, ನೇರ ಕೂಪನ್ನಿನ ಕೋಡ್ ತೆರೆಯುತ್ತಾರೆ.

10. ಗುಟ್ಟು ಲಾಗಿಗೆ ಬೀಳದಿರಲಿ

2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಬೇಕಾಯಿತು. ಯಾರೂ ಕನ್ನ ಹಾಕಿರಲಿಲ್ಲ. ಮರೆಮಾಚುವ ಮುನ್ನವೇ ಪಾಸ್‌ವರ್ಡ್‌ಗಳು ಒಳಗಿನ ಲಾಗಿನಲ್ಲಿ ಇದ್ದಂತೆಯೇ ಬರೆದುಹೋಗುತ್ತಿದ್ದವು, ಅಷ್ಟೇ. ಅಂಥ ಕಂಪನಿಗೇ ಹೀಗಾದ ಮೇಲೆ ನಮ್ಮ ನಿಮ್ಮ ಮಾತೇನು? ಟ್ರೇಸ್ ಮಟ್ಟದಲ್ಲಿ ರೋಬೋಟ್ ಫ್ರೇಮ್‌ವರ್ಕ್ ಪ್ರತಿ ಕೀವರ್ಡ್‌ಗೆ ಕೊಟ್ಟ ಮೌಲ್ಯವನ್ನೂ ಬರೆಯುತ್ತದೆ, ಅದರಲ್ಲಿ ಪಾಸ್‌ವರ್ಡೂ ಸೇರುತ್ತದೆ. ಪಾಸ್‌ವರ್ಡ್, ಒಟಿಪಿ, 12 ಅಂಕಿಯ ಆಧಾರ್ ಸಂಖ್ಯೆ ಇರುವ ಹೆಜ್ಜೆಗೆ ಮುಂಚೆ ಲಾಗ್ ಮಟ್ಟ ಏರಿಸಿ ಮಾತು ಕಡಿಮೆ ಮಾಡಿ, ಮುಗಿದ ಮೇಲೆ ಇಳಿಸಿ. ಸ್ಕ್ರೀನ್‌ಶಾಟ್‌ನಲ್ಲೂ ಅವು ಕಾಣಬಾರದು. ನಿಜವಾದ ಗ್ರಾಹಕರ ಮಾಹಿತಿಯಲ್ಲಿ ಟೆಸ್ಟ್ ಮಾಡುವುದನ್ನಂತೂ ಇವತ್ತೇ ಬಿಡಿ.

11. ಗಡಿಯಾರ ಯಾವ ದೇಶದ್ದು?

ದಿನವೂ 3:45ಕ್ಕೆ ನಮ್ಮದೊಂದು ಟೆಸ್ಟ್ ಬೀಳುತ್ತಿತ್ತು. ಬೆಳಗಿನ ಜಾವ ಏನಾಗುತ್ತದೆ? ಬ್ಯಾಕಪ್ಪೇ ಇರಬೇಕು ಎಂದು ಎರಡು ದಿನ ಅದರ ಬೆನ್ನು ಹತ್ತಿದೆವು. ಲಾಗ್ ಯುಟಿಸಿಯಲ್ಲಿತ್ತು. ಐದೂವರೆ ಗಂಟೆ ಕೂಡಿಸಿದರೆ 9:15. ಆಫೀಸಿಗೆ ಬಂದವರೆಲ್ಲ ಒಮ್ಮೆಗೇ ಲಾಗಿನ್ ಆಗುವ ಹೊತ್ತು! ಸಾಲಿನ ಮೊದಲಲ್ಲೇ +05:30 ಎಂದು ಕಾಣುವಂತೆ ಸಮಯದ ನಮೂನೆ ಇಡಿ. ಯುಟಿಸಿಯೇ ಇರಲಿ ಅಂದರೆ ಅದನ್ನಾದರೂ ಬರೆಯಿರಿ.

12. ಲಾಗ್ ಕನ್ನಡ ಓದುತ್ತದೆಯೇ?

ಕೆಜಿಎಫ್‌ನಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಸುತ್ತವೆ. ಹೆಸರು ಬರೆಯುವ ಜಾಗಕ್ಕೆ ನಾನು ಮೂರು ಲಿಪಿಯಲ್ಲೂ ತುಂಬಿ ಟೆಸ್ಟ್ ಮಾಡುತ್ತೇನೆ. ಮೊದಲ ಸಲ ಮಾಡಿದಾಗ ಆಪ್ ಗೆದ್ದಿತು, ನನ್ನ ಲಾಗ್ ಸೋತಿತು. ‘ಮಂಜುಳ’ ಎಂಬಲ್ಲಿ ಬರೀ ಪ್ರಶ್ನೆ ಚಿಹ್ನೆಗಳು. ವಿಂಡೋಸ್‌ನಲ್ಲಿ ಪೈಥಾನ್ ಕಡತ ತೆರೆಯುವಾಗ ಯುಟಿಎಫ್-8 ಎಂದು ನೀವೇ ಹೇಳದಿದ್ದರೆ ಹಳೆಯ ಸಂಕೇತ ಪದ್ಧತಿಯನ್ನೇ ಹಿಡಿದುಕೊಳ್ಳಬಹುದು. ಕೆಲವು ಸಲ ಬರೆಯಲಾರೆ ಎಂದು ಓಟವನ್ನೇ ಕೆಡವುತ್ತದೆ. ಲಾಗ್ ಕಡತಕ್ಕೆ ಯುಟಿಎಫ್-8 ಕಡ್ಡಾಯ ಮಾಡಿ.

ಚಿತ್ರದ್ದು ಬೇರೆ ಗೋಳು. ಲಿನಕ್ಸ್ ಕಂಟೇನರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ತುಂಬ ಖಾಲಿ ಚೌಕ. ನೋಡಿದವರು ಆಪ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನೋಟೊ ಫಾಂಟ್ ಹಾಕಿಸಿದರೆ ಮುಗಿಯಿತು.

13. ಮರುಪ್ರಯತ್ನ ಒಂದೇ ಸಲ, ಅದೂ ಲೆಕ್ಕಕ್ಕೆ ಸೇರಲಿ

ಮೂರು ಸಲ ಬಿದ್ದು ನಾಲ್ಕನೇ ಸಲ ಎದ್ದದ್ದನ್ನು ಪಾಸ್ ಅನ್ನುವುದು ಮೋಸ. ಮೊದಲ ಸಲ ಬಿದ್ದದ್ದು ಲಾಗಿನಲ್ಲಿ ಉಳಿಯಲೇಬೇಕು. ಹೀಗೆ ಎದ್ದವಕ್ಕೆ ಪ್ಲೇರೈಟ್ ‘ಫ್ಲೇಕಿ’ ಎಂದು ಬೇರೆ ಹಣೆಪಟ್ಟಿ ಹಚ್ಚುತ್ತದೆ. ವಾರಕ್ಕೊಮ್ಮೆ ಆ ಪಟ್ಟಿ ತೆಗೆದು ನೋಡಿ.

14. ನಿನ್ನೆಯ ಲಾಗ್ ಇವತ್ತೂ ಇರಲಿ

ರೋಬೋಟ್ ಫ್ರೇಮ್‌ವರ್ಕ್ ಪ್ರತಿ ಓಟಕ್ಕೂ ಅದೇ ಹೆಸರಿನ ಕಡತದ ಮೇಲೆ ಬರೆಯುತ್ತದೆ, ನಿನ್ನೆಯದು ಮಾಯ. ಕಡತದ ಹೆಸರಿಗೆ ದಿನಾಂಕ, ಸಮಯ ಅಂಟಿಸುವ ಆಯ್ಕೆ ಅದರಲ್ಲೇ ಇದೆ, ಹಾಕಿಕೊಳ್ಳಿ. ಪಾಸಾದವನ್ನು ಒಂದು ವಾರ, ಫೇಲಾದವನ್ನು ಒಂದು ತಿಂಗಳು ಇಟ್ಟರೆ ಸಾಕು. ಸೆಟ್ಟಿಂಗ್ಸ್ ಕಡತವನ್ನೂ ಸ್ಕ್ರಿಪ್ಟಿನ ಜೊತೆಗೇ ಗಿಟ್‌ಗೆ ಸೇರಿಸಿ. ಟೈಮ್‌ಔಟ್ ಬದಲಿಸಿದ್ದು ಯಾರು, ಯಾವತ್ತು ಎಂದು ಜಗಳ ಬಂದಾಗ ಅದೇ ಉತ್ತರ ಹೇಳುತ್ತದೆ.

ಇವತ್ತು ಸಂಜೆ ಹೊರಡುವ ಮುನ್ನ ಒಂದು ಕೆಲಸ ಮಾಡಿ. ಒಂದು ಟೆಸ್ಟನ್ನು ಬೇಕೆಂದೇ ಕೆಡಿಸಿ, ರಾತ್ರಿಯ ಓಟಕ್ಕೆ ಸೇರಿಸಿ. ನಾಳೆ ಬೆಳಿಗ್ಗೆ ರೈಲಿನಲ್ಲಿ ಪಕ್ಕದವರಿಗೆ ಫೋನ್ ಕೊಟ್ಟು ಆ ಲಾಗ್ ಮಾತ್ರ ತೋರಿಸಿ, ಬಾಯಿ ಬಿಡಬೇಡಿ. ಬಂಗಾರಪೇಟೆ ಬಿಟ್ಟ ಗಾಡಿ ಟೇಕಲ್ ದಾಟಿ ಮಾಲೂರು ಸೇರುವಷ್ಟರಲ್ಲಿ ಅವರು ಕಾರಣ ಹೇಳಿಬಿಟ್ಟರೆ ನಿಮ್ಮ ಸೆಟ್ಟಿಂಗ್ಸ್ ಸರಿಯಾಗಿವೆ. ಹೇಳದಿದ್ದರೆ ವೈಟ್‌ಫೀಲ್ಡ್‌ವರೆಗೆ ಇನ್ನೂ ಹೊತ್ತಿದೆ, ಲ್ಯಾಪ್‌ಟಾಪ್ ತೆಗೆಯಿರಿ.